ಪ್ರಶ್ನೆ ಕೇಳೋದಕ್ಕೂ ಒಂದು ಬಿಲ್: ಪ್ರಪೋಸಲ್ ಪ್ಲಾನಿಂಗ್ ಬಿಸಿನೆಸ್ಸಿನ ಹಿಂದಿನ ಕಥೆ

ಭಾಗ 1

ತುಂಬಾ ಜನ ಡಿಎಂ ಮಾಡ್ತಿದ್ದೀರ. "ಅಕ್ಕಾ, ಪ್ರಪೋಸಲ್ ಪ್ಲಾನಿಂಗ್ ಏನಾಯ್ತು? ಪೇಜ್ ಯಾಕೆ ಸೈಲೆಂಟು?" ಒಂದು ಸ್ಟೋರಿ ಹಾಕಿ ಮುಗಿಸೋ ವಿಷಯ ಅಲ್ಲ ಅದು. ಅದಕ್ಕೇ ಈ ಸರಣಿ. ಏಳು ಭಾಗ ಇದೆ. ಬಸ್ಸಲ್ಲಿ ಕೂತು ಓದಿ, ಇಂಟರ್ನಲ್ಸ್ ಹಿಂದಿನ ರಾತ್ರಿ ಮಾತ್ರ ಬೇಡ.

ಗೊತ್ತಿಲ್ಲದವರಿಗೆ: ನಾನೂ ನನ್ನ ಗೆಳತಿಯೂ ಸೇರಿ ಮೈಸೂರಲ್ಲಿ ಒಂದು ಪುಟ್ಟ ಕೆಲಸ ಶುರು ಮಾಡಿದ್ವಿ. ಯಾರಾದ್ರೂ ತಮ್ಮ ಹುಡುಗಿಗೆ ಅಥವಾ ಹುಡುಗನಿಗೆ "ಮದುವೆ ಆಗ್ತೀಯಾ" ಅಂತ ಕೇಳ್ಬೇಕಾದ್ರೆ ಜಾಗ ಹುಡುಕೋದು, ಲೈಟು, ಹೂವು, ಬಲೂನು, ಒಬ್ಬ ಫೋಟೋಗ್ರಾಫರ್, ಹಿನ್ನೆಲೆಗೆ ಒಂದು ಹಾಡು, ಎಲ್ಲಾ ನಾವು ನೋಡ್ಕೋತೀವಿ. ರೇಟು 6,500 ರೂಪಾಯಿ. ಖರ್ಚು ಕಳೆದು ಇಬ್ಬರಿಗೂ ಸೇರಿ ಉಳೀತಿದ್ದಿದ್ದು 1,800. ಬಂಡವಾಳ ಅಂದ್ರೆ ಒಂದು ಬಲೂನ್ ಪಂಪು, ನಾಲ್ಕು ಸೀರಿಯಲ್ ಸೆಟ್ಟು, ನನ್ನ ಸ್ಕೂಟಿ. ಸರ್ವಿಸ್ ಬಿಸಿನೆಸ್ಸಿಗೆ ಜಿಎಸ್‌ಟಿ ಮಿತಿ ವರ್ಷಕ್ಕೆ 20 ಲಕ್ಷ. ನಮಗೆ ಆ ಚಿಂತೆ ಬರೋಕೆ ಇನ್ನೂ ಮೂರು ಜನ್ಮ ಬೇಕಿತ್ತು.

ಮೊದಲೆರಡು ಆರ್ಡರು ಚೆನ್ನಾಗೇ ಆಯ್ತು. ಮೂರನೇದು ಒಂದು ಕೆಫೆಯ ಟೆರೇಸು. ಹುಡುಗ ತನ್ನ ಕಡೆಯ ಇಪ್ಪತ್ತು ಜನ ಫ್ರೆಂಡ್ಸನ್ನ ಕರ್ಕೊಂಡು ಬಂದಿದ್ದ. ಹುಡುಗಿಗೆ ಬರ್ತ್‌ಡೇ ಪಾರ್ಟಿ ಅಂತ ಹೇಳಿತ್ತು. ಬಾಗಿಲು ತೆಗೆದ ತಕ್ಷಣ ಲೈಟು, ಹಾಡು, ಮಂಡಿಯೂರಿದ ಹುಡುಗ, ಸುತ್ತ ಇಪ್ಪತ್ತು ಫೋನು. ಅವಳು ಹೂಂ ಅಂದ್ಲು. ಎಲ್ಲರೂ ಕೂಗಿದ್ರು. ನಾನೂ ಕೂಗಿದೆ. ರೀಲು ಚೆನ್ನಾಗಿ ಬಂದಿತ್ತು, ರಾತ್ರಿಯೇ ಹಾಕಿದ್ವಿ.

ಮಾರನೇ ದಿನ ಬೆಳಿಗ್ಗೆ 6 ಗಂಟೆಗೆ ಅವಳಿಂದ ಮೆಸೇಜು. "ದಯವಿಟ್ಟು ಆ ವಿಡಿಯೋ ತೆಗೀರಿ. ನಾನು ಅಲ್ಲಿ ಬೇಡ ಅನ್ನೋಕೆ ಆಗ್ಲಿಲ್ಲ."

ತೆಗೆದ್ವಿ. ಅವತ್ತೇ ಸಂಜೆ ಹುಡುಗನಿಂದ ಇನ್ನೊಂದು ಮೆಸೇಜು: ಕೆಲಸ ಆಗ್ಲಿಲ್ವಲ್ಲ, ಅರ್ಧ ದುಡ್ಡು ವಾಪಸ್ ಕೊಡಿ.

ಕೆಲಸ ಆಗ್ಲಿಲ್ಲ ಅಂದ್ರೆ ಏನು? ನಾವು ಮಾರಿದ್ದು ಏನು? ಲೈಟೂ ಬಲೂನಾ, ಅವಳ ಹೂಂ ಅನ್ನೋ ಮಾತಾ? ನನಗೆ ಉತ್ತರ ಗೊತ್ತಿರಲಿಲ್ಲ. ಪೇಜ್ ನಿಲ್ಲಿಸಿ ಓದೋಕೆ ಕೂತೆ. ಓದಿದ್ದನ್ನ ನಿಮಗೆ ಹೇಳ್ತೀನಿ.

ಭಾಗ 2

ಕಾಮರ್ಸ್‌ನವರು ಸ್ವಲ್ಪ ಎದೆ ಉಬ್ಬಿಸಬಹುದು. ಯಾಕಂದ್ರೆ ಶುರು ನಮ್ಮ ಬಿಸಿನೆಸ್ ಲಾ ಪುಸ್ತಕದಿಂದಲೇ.

1872ರ ಭಾರತೀಯ ಕರಾರು ಕಾಯ್ದೆ ತೆಗೀರಿ. ಸೆಕ್ಷನ್ 2(ಎ). ಬೇರೆ ದೇಶದ ಪುಸ್ತಕಗಳು ಆಫರ್ ಅನ್ನೋದನ್ನ ನಮ್ಮ ಕಾಯ್ದೆ ಏನಂತ ಕರೆಯುತ್ತೆ? ಪ್ರಪೋಸಲ್. ಅದೇ ಪದ. ನಾನು ಏನೋ ಒಂದು ಮಾಡೋಕೆ ಸಿದ್ಧ ಇದ್ದೀನಿ, ನಿನ್ನ ಒಪ್ಪಿಗೆ ಬೇಕು ಅಂತ ಇನ್ನೊಬ್ಬರಿಗೆ ತಿಳಿಸೋದೇ ಪ್ರಪೋಸಲ್. ಅವರು ಒಪ್ಪಿದ್ರೆ ಅದು ವಾಗ್ದಾನ. ಮೊದಲ ಸೆಮಿಸ್ಟರಲ್ಲಿ ಇದನ್ನ ಬಾಯಿಪಾಠ ಮಾಡುವಾಗ ಹಿಂದಿನ ಬೆಂಚು ಪೂರ್ತಿ ನಕ್ಕಿತ್ತು. ನಾನೂ ನಕ್ಕಿದ್ದೆ.

ಈಗ ನಗು ಬರಲ್ಲ. ಯಾಕಂದ್ರೆ ಅದೇ ಕಾಯ್ದೆ ಒಪ್ಪಿಗೆ ಬಗ್ಗೆ ಬಹಳ ಖಡಕ್ಕು. ಸೆಕ್ಷನ್ 14: ಒಪ್ಪಿಗೆ ಮುಕ್ತವಾಗಿರಬೇಕು. ಬಲವಂತ, ಅನುಚಿತ ಪ್ರಭಾವ, ಮೋಸ, ತಪ್ಪು ಮಾಹಿತಿ, ತಪ್ಪು ತಿಳುವಳಿಕೆ, ಇವುಗಳಿಂದ ಹುಟ್ಟಿದ ಒಪ್ಪಿಗೆ ಮುಕ್ತ ಒಪ್ಪಿಗೆ ಅಲ್ಲ. ಬರ್ತ್‌ಡೇ ಪಾರ್ಟಿ ಅಂತ ಸುಳ್ಳು ಹೇಳಿ ಕರ್ಕೊಂಡು ಬಂದು, ಇಪ್ಪತ್ತು ಫೋನ್ ಮುಂದೆ ನಿಲ್ಲಿಸಿ ಕೇಳಿದ್ರೆ? ಒಂದು ಸೈಟ್ ಮಾರಾಟ ಹೀಗೆ ಮಾಡಿಸಿದ್ರೆ ಯಾವ ಲಾಯರ್ ಆದ್ರೂ ಹುಬ್ಬೇರಿಸ್ತಾರೆ.

ಇನ್ನೊಂದು ಕೇಸು ನೆನಪಿದೆಯಾ? ಫೆಲ್ಟ್‌ಹೌಸ್ ವರ್ಸಸ್ ಬಿಂಡ್ಲಿ, 1862. ಪರೀಕ್ಷೆಗೆ ಗ್ಯಾರಂಟಿ ಬರುತ್ತೆ. ಇಂಗ್ಲೆಂಡಿನ ಒಬ್ಬ, ತನ್ನ ಸಹೋದರನ ಮಗನ ಕುದುರೆ ಕೊಳ್ಳೋಕೆ ಪತ್ರ ಬರೀತಾನೆ. ಬೆಲೆ 30 ಪೌಂಡ್ 15 ಶಿಲ್ಲಿಂಗ್. ನಿನ್ನಿಂದ ಉತ್ತರ ಬರದಿದ್ರೆ ಕುದುರೆ ನಂದೇ ಅಂತ ತಿಳ್ಕೋತೀನಿ ಅನ್ನೋ ಅರ್ಥದ ಪತ್ರ. ಹುಡುಗ ಉತ್ತರ ಕೊಡಲ್ಲ. ಹರಾಜುಗಾರ ಕುದುರೇನ ತಪ್ಪಾಗಿ ಇನ್ಯಾರಿಗೋ ಮಾರಿಬಿಡ್ತಾನೆ. ಪತ್ರ ಬರೆದವನು ಕೇಸ್ ಹಾಕಿ ಸೋಲ್ತಾನೆ. ಸುಮ್ಮನಿರೋದು ಒಪ್ಪಿಗೆ ಅಲ್ಲ ಅಂತು ಕೋರ್ಟು.

ಕುದುರೆ ವಿಷಯದಲ್ಲಿ 1862ಕ್ಕೇ ಸ್ಪಷ್ಟ. ಹುಡುಗಿ ವಿಷಯದಲ್ಲಿ ನಮ್ಮನೆಗಳಲ್ಲಿ ಇವತ್ತಿಗೂ "ಮೌನಂ ಸಮ್ಮತಿ ಲಕ್ಷಣಂ" ಅಂತಾರೆ.

ಭಾಗ 3

ನಿಜವಾದ ಇತಿಹಾಸ ಇಲ್ಲಿಂದ. ಇಂಗ್ಲೆಂಡಲ್ಲಿ ಒಂದು ಕಾಲಕ್ಕೆ ಮದುವೆ ಪ್ರಪೋಸಲ್ ಅನ್ನೋದು ನಿಜಕ್ಕೂ ಕರಾರೇ ಆಗಿತ್ತು. ನೀನು ಕೇಳ್ದೆ, ನಾನು ಒಪ್ಪಿದೆ, ಆಮೇಲೆ ನೀನು ಕೈಕೊಟ್ರೆ ಕೋರ್ಟಿಗೆ ಹೋಗಿ ಪರಿಹಾರ ಕೇಳಬಹುದಿತ್ತು. ವಾಗ್ದಾನ ಭಂಗದ ದಾವೆ. 19ನೇ ಶತಮಾನದಲ್ಲಿ ಕೇಸ್ ಹಾಕ್ತಿದ್ದವರು ಹೆಚ್ಚಾಗಿ ಹೆಂಗಸರೇ. ಯಾಕೆ ಅಂತ ಯೋಚಿಸಿ. ಕೆಲಸ ಇಲ್ಲ, ಆಸ್ತಿ ಇಲ್ಲ, ಮದುವೆಯೇ ಜೀವನೋಪಾಯ. ಎರಡು ವರ್ಷ ಒಬ್ಬನ ಮಾತು ನಂಬಿ ಕಾದು ಅವನು ಬಿಟ್ಟುಹೋದ್ರೆ, ಊರ ಬಾಯಿ ಮುಚ್ಚೋರು ಯಾರು? ಮತ್ತೆ ಸಂಬಂಧ ತರೋರು ಯಾರು?

ಆ ದಾವೆಗಳು ಎಷ್ಟು ಫೇಮಸ್ ಅಂದ್ರೆ, ಚಾರ್ಲ್ಸ್ ಡಿಕನ್ಸ್ ತನ್ನ ಮೊದಲ ಕಾದಂಬರಿ 'ಪಿಕ್‌ವಿಕ್ ಪೇಪರ್ಸ್'ನಲ್ಲೇ ಒಂದನ್ನ ತಂದಿದ್ದಾನೆ. ಪಾಪದ ಮುದುಕ ಪಿಕ್‌ವಿಕ್ ಒಬ್ಬ ಆಳನ್ನ ಇಟ್ಕೊಳ್ಳೋ ವಿಷಯ ಮನೆ ಯಜಮಾನಿಗೆ ಹೇಳ್ತಾನೆ, ಅವಳು ಅದನ್ನ ಮದುವೆ ಪ್ರಸ್ತಾಪ ಅಂದ್ಕೋತಾಳೆ. ಕೋರ್ಟು 750 ಪೌಂಡ್ ದಂಡ ಹಾಕುತ್ತೆ. ಕಾಮಿಡಿ ಅದು. ಆದ್ರೆ ಜನ ನಗಬೇಕಾದ್ರೆ ಅಂಥ ಕೇಸುಗಳು ಅವರಿಗೆ ಚೆನ್ನಾಗಿ ಗೊತ್ತಿರಲೇಬೇಕು ತಾನೇ?

ಅಂದ್ರೆ ಆಗ ಪ್ರಪೋಸ್ ಮಾಡೋನು ಭಯದಲ್ಲಿ ಮಾಡ್ತಿದ್ದ. ಸಾಕ್ಷಿ ಕಡಿಮೆ ಇದ್ದಷ್ಟೂ ಅವನಿಗೆ ಒಳ್ಳೇದು, ಪತ್ರ ಬರೆದ್ರೆ ಕೋರ್ಟಲ್ಲಿ ಓದ್ತಾರೆ. ಇಪ್ಪತ್ತು ಜನರ ಮುಂದೆ ಮಂಡಿಯೂರೋದನ್ನ ಅವತ್ತಿನ ಲಾಯರು ಕೇಳಿದ್ರೆ ತಲೆ ಚಚ್ಕೋತಿದ್ದ.

ಆಮೇಲೆ ಗಾಳಿ ತಿರುಗ್ತು. ಅಮೆರಿಕದ ಪತ್ರಿಕೆಗಳು ಈ ಕೇಸುಗಳನ್ನ ಮಸಾಲೆ ಹಾಕಿ ಬರೆಯೋಕೆ ಶುರು ಮಾಡಿದ್ವು. ದುಡ್ಡಿಗಾಗಿ ಶ್ರೀಮಂತರನ್ನ ಬೆದರಿಸ್ತಾರೆ ಅನ್ನೋ ಕೂಗು ಎದ್ದಿತು. 1935ರಲ್ಲಿ ಇಂಡಿಯಾನ ರಾಜ್ಯ ಇಂಥ ದಾವೆಗಳನ್ನೇ ರದ್ದು ಮಾಡ್ತು. ಮಸೂದೆ ತಂದವರು ರಾಬರ್ಟಾ ವೆಸ್ಟ್ ನಿಕೋಲ್ಸನ್, ಒಬ್ಬ ಶಾಸಕಿ. ನ್ಯೂಯಾರ್ಕ್ ಕೂಡ ಅದೇ ವರ್ಷ. ಮುಂದೆ ಸಾಲಾಗಿ ಬೇರೆ ರಾಜ್ಯಗಳು. ಇಂಗ್ಲೆಂಡ್ ಮಾತ್ರ ನಿಧಾನ, 1970ರ ಕಾಯ್ದೆವರೆಗೂ ಎಳೀತು. ಆ ಕಾಯ್ದೆಯಲ್ಲೇ ಒಂದು ಮಜಾ ಇದೆ: ನಿಶ್ಚಿತಾರ್ಥದ ಉಂಗುರ ಪೂರ್ತಿ ಉಡುಗೊರೆ ಅಂತಲೇ ಲೆಕ್ಕ, ಷರತ್ತಿನ ಮೇಲೆ ಕೊಟ್ಟಿದ್ದೆ ಅಂತ ಸಾಬೀತು ಮಾಡದಿದ್ರೆ ಅದು ಅವಳದ್ದೇ.

ಉಂಗುರ ಯಾಕೆ ಇಷ್ಟು ಮುಖ್ಯ ಆಯ್ತು? ಅದು ಮುಂದಿನ ಭಾಗ. ನಂಗೆ ಅತೀ ಇಷ್ಟವಾದ ಭಾಗ.

ಭಾಗ 4

1990ರಲ್ಲಿ ಮಾರ್ಗರೆಟ್ ಬ್ರಿನಿಗ್ ಅನ್ನೋ ಕಾನೂನು ಪ್ರಾಧ್ಯಾಪಕಿ ಒಂದು ಲೇಖನ ಬರೆದ್ರು. ಎಲ್ಲರೂ ವಜ್ರದ ಉಂಗುರದ ಕ್ರೇಜಿಗೆ ಜಾಹೀರಾತೇ ಕಾರಣ ಅಂತಾರೆ. ಇವರು ಅಂದ್ರು, ತಾಳಿ, ಅಮೆರಿಕದಲ್ಲಿ ಬೇಡಿಕೆ ಏರೋಕೆ ಶುರುವಾಗಿದ್ದು 1935ರ ಸುಮಾರಿಗೆ, ದೊಡ್ಡ ಜಾಹೀರಾತು ಅಭಿಯಾನಕ್ಕೂ ಮುಂಚೆ. 1935ರಲ್ಲಿ ಏನಾಯ್ತು? ಕೋರ್ಟಿಗೆ ಹೋಗೋ ದಾರಿ ಮುಚ್ಚೋಕೆ ಶುರುವಾಯ್ತು. ಹಾಗಾಗಿ ಹುಡುಗಿಗೆ ಬೇರೆ ಭದ್ರತೆ ಬೇಕಿತ್ತು. ಮಾತು ತಪ್ಪಿದ್ರೆ ಉಂಗುರ ಅವಳ ಕೈಲಿ ಉಳಿಯುತ್ತೆ.

ನಮ್ಮ ಭಾಷೆಯಲ್ಲಿ ಹೇಳ್ಬೇಕಂದ್ರೆ ಅದು ಅಡ್ವಾನ್ಸು. ಬೆಂಗಳೂರಲ್ಲಿ ಮನೆ ಬಾಡಿಗೆಗೆ ಹತ್ತು ತಿಂಗಳ ಅಡ್ವಾನ್ಸ್ ಕೇಳ್ತಾರಲ್ಲ, ಅದರ ರೊಮ್ಯಾಂಟಿಕ್ ವರ್ಷನ್. ಎಲ್ಲಾ ವಿದ್ವಾಂಸರೂ ಇದನ್ನ ಪೂರ್ತಿ ಒಪ್ಪಬೇಕಿಲ್ಲ. ನನಗಂತೂ ಇದನ್ನ ಓದಿದ ರಾತ್ರಿ ನಿದ್ದೆ ಬರಲಿಲ್ಲ.

ಈಗ ಜಾಹೀರಾತಿನ ಕಥೆ. 1860ರ ದಶಕದ ಕೊನೇಲಿ ದಕ್ಷಿಣ ಆಫ್ರಿಕಾದಲ್ಲಿ ವಜ್ರ ಸಿಕ್ತು, ಸ್ವಲ್ಪ ಅಲ್ಲ, ರಾಶಿ ರಾಶಿ. ರಾಶಿ ಸಿಕ್ಕಿದ್ರೆ ಬೆಲೆ ಏನಾಗುತ್ತೆ? ಪಿಯುಸಿ ಎಕನಾಮಿಕ್ಸ್. ಅದಕ್ಕೇ 1888ರಲ್ಲಿ ಸೆಸಿಲ್ ರೋಡ್ಸ್ ಗಣಿಗಳನ್ನ ಒಂದುಗೂಡಿಸಿ ಡಿ ಬೀರ್ಸ್ ಕಂಪನಿ ಕಟ್ಟಿದ, ಪೂರೈಕೆ ಕೈಲಿಟ್ಕೊಳ್ಳೋಕೆ. ಪೂರೈಕೆ ಹಿಡಿದಾಯ್ತು. ಬೇಡಿಕೆ? 1938ರಲ್ಲಿ ಕಂಪನಿ ಯಜಮಾನನ ಮಗ ಹ್ಯಾರಿ ಓಪನ್‌ಹೈಮರ್ ನ್ಯೂಯಾರ್ಕಿಗೆ ಹೋಗಿ ಎನ್. ಡಬ್ಲ್ಯೂ. ಏಯರ್ ಅನ್ನೋ ಜಾಹೀರಾತು ಸಂಸ್ಥೆಯನ್ನ ಭೇಟಿ ಆದ. ಅವರು ಇಂಥ ಅಂಗಡಿಯ ಇಂಥ ಉಂಗುರ ಅಂತ ಮಾರಲಿಲ್ಲ. ಪ್ರೀತಿ ಅಂದ್ರೆ ವಜ್ರ ಅನ್ನೋ ಐಡಿಯಾನೇ ಮಾರಿದ್ರು. ಸಿನಿಮಾ ತಾರೆಯರ ಉಂಗುರದ ಸುದ್ದಿ ಪತ್ರಿಕೆಗಳಿಗೆ ಕೊಟ್ರು. ಹೈಸ್ಕೂಲುಗಳಿಗೆ ಹೋಗಿ ಹುಡುಗಿಯರಿಗೆ ವಜ್ರದ ಬಗ್ಗೆ ಉಪನ್ಯಾಸ ಕೊಡಿಸಿದ್ರು. ಹೈಸ್ಕೂಲು! ನಮಗೆ ಆ ವಯಸ್ಸಲ್ಲಿ ಬಂದು ಉಪನ್ಯಾಸ ಕೊಟ್ಟಿದ್ದು ಟೂತ್‌ಪೇಸ್ಟ್ ಕಂಪನಿಯವರು ಮಾತ್ರ.

1947ರಲ್ಲಿ, ನಮಗೆ ಸ್ವಾತಂತ್ರ್ಯ ಬಂದ ವರ್ಷ, ಅದೇ ಸಂಸ್ಥೆಯ ಫ್ರಾನ್ಸಿಸ್ ಗೆರೆಟಿ ವಜ್ರ ಶಾಶ್ವತ ಅನ್ನೋ ಅರ್ಥದ ಆ ಜಗತ್ಪ್ರಸಿದ್ಧ ಸಾಲು ಬರೆದ್ರು. ಕೋಟ್ಯಂತರ ಜನರ ನಿಶ್ಚಿತಾರ್ಥದ ಸಾಲು ಬರೆದ ಆ ಹೆಂಗಸು ಜೀವನಪೂರ್ತಿ ಮದುವೆ ಆಗಲಿಲ್ಲ. 1939ರಲ್ಲಿ ಡಿ ಬೀರ್ಸ್‌ನ ಅಮೆರಿಕದ ಸಗಟು ಮಾರಾಟ 2.3 ಕೋಟಿ ಡಾಲರ್. 1979ಕ್ಕೆ 210 ಕೋಟಿ ಡಾಲರ್.

ಜಪಾನ್ ಇನ್ನೂ ಆಶ್ಚರ್ಯ. ಅಲ್ಲೂ ನಮ್ಮ ಥರಾನೇ ಹಿರಿಯರು, ಮಧ್ಯವರ್ತಿಗಳು ಸೇರಿ ಸಂಬಂಧ ಕುದುರಿಸೋ ಪದ್ಧತಿ ಗಟ್ಟಿಯಾಗಿತ್ತು. 1967ರಲ್ಲಿ ಅಭಿಯಾನ ಶುರುವಾದಾಗ ನಿಶ್ಚಯವಾದ ಹುಡುಗಿಯರಲ್ಲಿ ವಜ್ರದ ಉಂಗುರ ಸಿಕ್ತಿದ್ದಿದ್ದು 5 ಪರ್ಸೆಂಟಿಗೂ ಕಡಿಮೆ. 1981ಕ್ಕೆ ಸುಮಾರು 60 ಪರ್ಸೆಂಟು. ಹದಿನಾಲ್ಕು ವರ್ಷದಲ್ಲಿ ಒಂದು ಸಂಪ್ರದಾಯ ತಯಾರಾಯ್ತು! ನಮ್ಮಲ್ಲಿ "ಹಿಂದಿನಿಂದ ಬಂದ ಪದ್ಧತಿ" ಅಂತ ಯಾರಾದ್ರೂ ಅಂದ್ರೆ ಎಷ್ಟು ಹಿಂದಿನಿಂದ ಅಂತ ಇನ್ಮೇಲೆ ನಾನು ಕೇಳೋಳೇ.

ಒಂದು ವಿಷಯ ಬಾಕಿ. ಆ ಜಾಹೀರಾತಿನವರು ಮನಃಶಾಸ್ತ್ರದ ಅಧ್ಯಯನ ಕೂಡ ಮಾಡಿಸಿದ್ರು. ಅದರಿಂದ ಅವರಿಗೆ ಗೊತ್ತಾಗಿದ್ದು, ವಜ್ರದ ಉಡುಗೊರೆ ಮಾರಬೇಕಾದ್ರೆ ಸರ್ಪ್ರೈಸ್ ತುಂಬಾ ಮುಖ್ಯ ಅಂತ. ಯಾಕೆ? ಮೊದಲೇ ಕೇಳಿದ್ರೆ ಹೆಂಗಸರು ಅಷ್ಟು ಖರ್ಚು ಬೇಡ ಅಂದುಬಿಡಬಹುದು. ಕೇಳದೇ ತಂದುಕೊಟ್ರೆ ಬೇಡ ಅನ್ನೋಕೆ ಜಾಗವೇ ಇರಲ್ಲ.

ಇದನ್ನ ಓದಿದಾಗ ಆ ಟೆರೇಸಿನ ಬಾಗಿಲು ಕಣ್ಮುಂದೆ ಬಂತು. ಒಳಗಿಂದ ಚಿಲಕ ತೆಗೆದವಳು ನಾನೇ.

ಭಾಗ 5

ಕಾಮೆಂಟಲ್ಲಿ ಒಬ್ಬರು ಕೇಳಿದ್ದಾರೆ, ಇದೆಲ್ಲ ಫಾರಿನ್ ಕಥೆ, ನಮಗೇನು ಸಂಬಂಧ ಅಂತ. ಎರಡು ಸಂಬಂಧ ಇದೆ. ಒಂದು ಸಣ್ಣದು, ಒಂದು ದೊಡ್ಡದು.

ಸಣ್ಣದು: ಯೂರೋಪಿನಲ್ಲಿ ವಜ್ರದ ನಿಶ್ಚಿತಾರ್ಥದ ಉಂಗುರದ ಕಥೆ ಹೇಳುವಾಗ ಎಲ್ಲರೂ 1477ಕ್ಕೆ ಹೋಗ್ತಾರೆ, ಆಸ್ಟ್ರಿಯಾದ ಮ್ಯಾಕ್ಸಿಮಿಲಿಯನ್ ಬರ್ಗಂಡಿಯ ಮೇರಿಗೆ ಕೊಟ್ಟ ಉಂಗುರ. ಬ್ರೆಜಿಲ್‌ನಲ್ಲಿ ವಜ್ರ ಸಿಕ್ಕಿದ್ದು 1720ರ ದಶಕದಲ್ಲಿ. ಅದಕ್ಕೂ ಮುಂಚೆ ಯೂರೋಪಿಗೆ ವಜ್ರ ಹೋಗ್ತಿದ್ದಿದ್ದು ಹೆಚ್ಚುಕಮ್ಮಿ ಪೂರ್ತಿ ಭಾರತದಿಂದ. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ವ್ಯಾಪಾರಿ ನೂನಿಜ್, ಒಂದು ತೂಕಕ್ಕಿಂತ ದೊಡ್ಡ ವಜ್ರ ಸಿಕ್ಕಿದ್ರೆ ಅದು ಅರಸನ ಖಜಾನೆಗೆ ಅಂತ ಬರೆದಿದ್ದಾನೆ. ನಮ್ಮ ವಜ್ರ ಅವರ ಪ್ರಪೋಸಲ್ಲು. ನಮ್ಮಲ್ಲಿ ವಜ್ರ ಇತ್ತು, ಪ್ರಪೋಸಲ್ ಇತ್ತಾ?

ಇದೇ ದೊಡ್ಡದು. ನಮ್ಮಲ್ಲಿ ಪ್ರಸ್ತಾಪ ಇತ್ತು, ಮನೆ ಮನೆಗೆ. ಹೆಣ್ಣು ನೋಡೋ ಶಾಸ್ತ್ರ, ಉಪ್ಪಿಟ್ಟು ಕೇಸರಿಬಾತು, ಆಮೇಲೆ ಹಿರಿಯರು ಎಲೆ ಅಡಿಕೆ ಬದಲಾಯಿಸಿದ್ರೆ ಮುಗೀತು. ತಾಂಬೂಲ ಬದಲಾದ ಮಾತು ಮುರಿದ್ರೆ ಊರೇ ಉಗಿಯುತ್ತೆ. ಒಂದು ಎಲೆ, ಎರಡು ಅಡಿಕೆ, ಕೋರ್ಟಿಗಿಂತ ಗಟ್ಟಿ. ಆದ್ರೆ ಆ ತಟ್ಟೆ ಹಿಡಿದು ನಿಂತವರಲ್ಲಿ ಮದುವೆ ಆಗೋಳು ಇರ್ತಿರಲಿಲ್ಲ.

ನಮ್ಮಜ್ಜಿಗೆ ಈ ಬಿಸಿನೆಸ್ ಬಗ್ಗೆ ಹೇಳಿದಾಗ ಅವರಿಗೆ ಅರ್ಥ ಮಾಡಿಸೋಕೆ ಅರ್ಧ ಗಂಟೆ ಬೇಕಾಯ್ತು. "ಕೇಳೋದಕ್ಕೆ ದುಡ್ಡು ಕೊಡ್ತಾರಾ?" ಅಂದ್ರು. ಹೂಂ ಅಜ್ಜಿ, ನಿನ್ನ ಹೇಗೆ ಕೇಳಿದ್ರು ಅಂದೆ. ಅವರು ಅವರೆಕಾಯಿ ಬಿಡಿಸ್ತಿದ್ರು. "ನನ್ನ ಯಾರು ಕೇಳಿದ್ರು? ಸ್ಕೂಲಿಂದ ಬಂದೆ, ಮನೇಲಿ ಸೀರೆ ತಂದಿಟ್ಟಿದ್ರು" ಅಂದ್ರು. ಅಷ್ಟೇ. ಮತ್ತೆ ಅವರೆಕಾಯಿ.

ಕೇಳಬೇಕು ಅನ್ನೋದೇ ನಮ್ಮಲ್ಲಿ ಹೋರಾಡಿ ಬಂದಿದ್ದು. 1894ರಲ್ಲಿ ನಮ್ಮ ಮೈಸೂರು ಸಂಸ್ಥಾನ, ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ಶಿಶು ವಿವಾಹ ತಡೆಯೋ ಕಾನೂನು ತಂತು. ಏನು ಹೇಳುತ್ತೆ ಗೊತ್ತಾ? 8 ವರ್ಷಕ್ಕಿಂತ ಚಿಕ್ಕ ಹೆಣ್ಣುಮಗುವಿಗೆ ಮದುವೆ ಮಾಡಬಾರದು. 50 ದಾಟಿದ ಗಂಡಸು 14ಕ್ಕಿಂತ ಚಿಕ್ಕವಳನ್ನ ಮದುವೆ ಆಗಬಾರದು. ನಿಧಾನಕ್ಕೆ ಇನ್ನೊಮ್ಮೆ ಓದಿ. ಎಂಟು ವರ್ಷ. ಇದನ್ನ ಕಾನೂನು ಮಾಡಿ ತಡೀಬೇಕಾಗಿತ್ತು. ಅದು ಅವತ್ತಿಗೆ ಮುಂದುವರಿದ ಹೆಜ್ಜೆ. ಬ್ರಿಟಿಷ್ ಇಂಡಿಯಾಕ್ಕೆಲ್ಲ ಅನ್ವಯಿಸೋ ಶಾರದಾ ಕಾಯ್ದೆ ಬಂದಿದ್ದು 1929ರಲ್ಲಿ, ಹುಡುಗಿಗೆ 14, ಹುಡುಗನಿಗೆ 18.

ಮೈಸೂರಿನ ಆ ಕಾನೂನಿಗೂ ಹತ್ತು ವರ್ಷ ಹಿಂದೆ, 1884ರಲ್ಲಿ, ಬಾಂಬೆಯಲ್ಲಿ ರಖ್ಮಾಬಾಯಿ ಕೇಸು. 11ನೇ ವಯಸ್ಸಿಗೆ ಮದುವೆ ಆಗಿತ್ತು, ದಾದಾಜಿ ಭಿಕಾಜಿ ಜೊತೆ. ದೊಡ್ಡವಳಾದ ಮೇಲೆ ಗಂಡನ ಮನೆಗೆ ಹೋಗಲ್ಲ ಅಂದ್ರು. ಅವನು ಕೇಸ್ ಹಾಕಿದ. ಮೊದಲು ಜಡ್ಜ್ ಪಿನ್ಹೆ ಆಕೆಯ ಪರ ತೀರ್ಪು ಕೊಟ್ರು. ಮೇಲ್ಮನವಿ ಆಗಿ, ಕೇಸು ಮತ್ತೆ ವಿಚಾರಣೆಗೆ ಬಂದು, 1887ರಲ್ಲಿ ಇನ್ನೊಬ್ಬ ಜಡ್ಜು, ಗಂಡನ ಮನೆಗೆ ಹೋಗು, ಇಲ್ಲಾಂದ್ರೆ 6 ತಿಂಗಳು ಜೈಲು ಅಂದ್ರು. ಜೈಲಿಗೇ ಹೋಗ್ತೀನಿ ಅನ್ನೋದು ಆಕೆಯ ನಿಲುವಾಗಿತ್ತು. ಕೊನೆಗೆ 1888ರಲ್ಲಿ 2,000 ರೂಪಾಯಿಗೆ ರಾಜಿ ಆಯ್ತು. ರಖ್ಮಾಬಾಯಿ ಲಂಡನ್ನಿಗೆ ಹೋಗಿ ಡಾಕ್ಟರ್ ಆದ್ರು, ವಾಪಸ್ ಬಂದು ಸೂರತ್ತಲ್ಲಿ, ರಾಜಕೋಟೆಯಲ್ಲಿ ಕೆಲಸ ಮಾಡಿದ್ರು.

ಒಂದು ಬೇಡ ಅನ್ನೋ ಮಾತಿಗೆ ನಾಲ್ಕು ವರ್ಷ ಕೋರ್ಟು.

ಭಾಗ 6

ಈಗ ನಮ್ಮ ಬಿಸಿನೆಸ್. ಪ್ರಪೋಸಲ್ ಪ್ಲಾನರ್ ಅನ್ನೋ ಕಸುಬು ನಮಗಿಂತ ಚಿಕ್ಕದು.

ಮದುವೆ ಪ್ಲಾನರ್‌ಗಳು ಮೊದಲಿಂದ ಇದ್ರು. ಆದ್ರೆ ಬರೀ ಕೇಳೋ ಕ್ಷಣಕ್ಕೆ ಅಂತಲೇ ಕಂಪನಿ? 2010ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ದ ಹಾರ್ಟ್ ಬ್ಯಾಂಡಿಟ್ಸ್ ಅಂತ ಒಂದು ಶುರುವಾಯ್ತು, ಈ ಕಸುಬಿನ ಮೊದಲಿಗರಲ್ಲಿ ಅದೂ ಒಂದು. 2010 ಅಕ್ಟೋಬರಲ್ಲಿ ಇನ್ನೊಂದೂ ಶುರುವಾಯ್ತು. ನೀವು ಈಗ ಇದನ್ನ ಓದ್ತಾ ಇದ್ದೀರಲ್ಲ, ಈ ಇನ್‌ಸ್ಟಾಗ್ರಾಂ. ಎರಡೂ ಒಂದೇ ವರ್ಷ ಹುಟ್ಟಿದ್ದು ಕಾಕತಾಳೀಯ ಇರಬಹುದು. ಇದಿಲ್ಲದೇ ಅದು ಇಷ್ಟು ಬೆಳೀತಿತ್ತಾ ಅನ್ನೋದು ನನ್ನ ಅನುಮಾನ.

2012ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನ ಒಂದು ವಿಡಿಯೋ ಬಂತು. ಹುಡುಗಿಯನ್ನ ಕಾರಿನ ಹಿಂದಿನ ತೆರೆದ ಡಿಕ್ಕಿಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಕಾರು ನಿಧಾನಕ್ಕೆ ಮುಂದೆ ಹೋಗ್ತಾ ಇದ್ರೆ ಹಿಂದೆ ರಸ್ತೆ ತುಂಬ ಅವಳ ಮನೆಯವರು, ಗೆಳೆಯರು ಹಾಡಿಗೆ ಕುಣೀತಾ ಬರ್ತಾರೆ. ಕೋಟಿಗಟ್ಟಲೆ ಜನ ನೋಡಿದ್ರು. ನಾನು ಅದನ್ನ ಹತ್ತು ಸಲ ನೋಡಿದ್ದೀನಿ, ಹತ್ತು ಸಲವೂ ಅತ್ತಿದ್ದೀನಿ, ಸುಳ್ಳು ಹೇಳಲ್ಲ. ಚೆನ್ನಾಗಿದೆ. ಅದಾದ ಮೇಲೆ ಅದರ ನಕಲುಗಳು. ನಮ್ಮ ಟೆರೇಸೂ ಅದರ ಮರಿಮೊಮ್ಮಗುವೇ.

2016ರ ರಿಯೋ ಒಲಿಂಪಿಕ್ಸ್. ಚೀನಾದ ಹೇ ಜಿ ಡೈವಿಂಗಲ್ಲಿ ಬೆಳ್ಳಿ ಗೆದ್ದು ಪದಕ ಹಾಕ್ಕೊಂಡು ನಿಂತಿದ್ದಾಳೆ. ಅಷ್ಟರಲ್ಲಿ ಅವಳ ಗೆಳೆಯ ಚಿನ್ ಕಾಯ್, ಅವನೂ ಡೈವರ್, ಬಂದು ಮಂಡಿಯೂರಿ ಉಂಗುರ ತೆಗೆದ. ಅವಳು ಒಪ್ಪಿದ್ಲು. ಜಗತ್ತೆಲ್ಲ ಚಪ್ಪಾಳೆ. ಮಾರನೇ ದಿನವೇ ಜಗಳ ಶುರು: ಅದು ಅವಳ ಬೆಳ್ಳಿಯ ಕ್ಷಣ ಅಲ್ವಾ? ಇಡೀ ಪ್ರಪಂಚ ನೋಡ್ತಿರುವಾಗ ಬೇಡ ಅನ್ನೋಕೆ ಆಗ್ತಿತ್ತಾ? ಅವರಿಬ್ಬರದ್ದು ವರ್ಷಗಳ ಪ್ರೀತಿ, ಅವಳಿಗೆ ಖುಷಿಯೇ ಆಗಿರಬಹುದು. ನಾನು ಅವಳ ಪರವಾಗಿ ಮಾತಾಡೋಕೆ ಯಾರು? ಆದ್ರೆ ಆ ವಿಡಿಯೋದಲ್ಲಿ ನಾನು ಈಗ ನೋಡೋದು ಹುಡುಗನನ್ನಲ್ಲ. ಅವಳು ಉತ್ತರ ಕೊಡೋಕೆ ಮುಂಚಿನ ಆ ಕೆಲವು ಸೆಕೆಂಡು.

ನಮ್ಮ ರೀಲಲ್ಲೂ ಅದು ಇತ್ತು. ಡಿಲೀಟ್ ಮಾಡೋಕೆ ಮುಂಚೆ ಒಂದು ಸಲ ಸ್ಲೋ ಮಾಡಿ ನೋಡಿದೆ. ಅವಳು ಮೊದಲು ಹುಡುಗನ ಮುಖ ನೋಡಲ್ಲ. ಬಾಗಿಲ ಕಡೆ ನೋಡ್ತಾಳೆ. ಬಾಗಿಲಲ್ಲಿ ಕ್ಯಾಮೆರಾ ಹಿಡಿದು ನಿಂತಿರೋದು ನಾವು. ಎಡಿಟ್ ಮಾಡುವಾಗ ಆ ಎರಡು ಸೆಕೆಂಡು ಸಪ್ಪೆ ಅಂತ ಕತ್ತರಿಸಿದ್ವಿ.

ಭಾಗ 7

ಕೊನೇ ಭಾಗ. ಅರ್ಧ ದುಡ್ಡು ವಾಪಸ್ ಕೊಟ್ವಾ?

ಉತ್ತರ ಸಿಕ್ಕಿದ್ದು ಮತ್ತೆ ಅದೇ ಕರಾರು ಕಾಯ್ದೆಯಲ್ಲಿ. ಸೆಕ್ಷನ್ 23, ಸಾರ್ವಜನಿಕ ನೀತಿಗೆ ವಿರುದ್ಧವಾದ ಕರಾರುಗಳು. ಕೋರ್ಟುಗಳು ಅದರಡಿ ಸೇರಿಸಿರೋದ್ರಲ್ಲಿ ಒಂದು: ಮ್ಯಾರೇಜ್ ಬ್ರೋಕೇಜ್. ಮದುವೆ ಮಾಡಿಸಿಕೊಟ್ರೆ ಇಷ್ಟು ದುಡ್ಡು ಅನ್ನೋ ಒಪ್ಪಂದ. ಅದು ಅನೂರ್ಜಿತ. ಕೋರ್ಟಿಗೆ ಹೋಗಿ ಆ ದುಡ್ಡು ವಸೂಲಿ ಮಾಡೋಕೆ ಆಗಲ್ಲ. ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಇಂಥ ಒಂದು ಬಾಂಡನ್ನ 1695ರಲ್ಲೇ ಹೊಡೆದು ಹಾಕಿತ್ತು. ಕಾರಣ ಸರಳ. ಮದುವೆ ನಡೆದ್ರೆ ಮಾತ್ರ ನಿನಗೆ ದುಡ್ಡು ಅಂದಾಗ, ನೀನು ಹೇಗಾದ್ರೂ ನಡೆಸೋಕೆ ನೋಡ್ತೀಯ. ಹುಡುಗನ ಕುಡಿತ ಮುಚ್ಚಿಡ್ತೀಯ, ಹುಡುಗಿ ಅಳ್ತಿದ್ರೆ ಖುಷಿಗೆ ಅಂತೀಯ. ನಮ್ಮೂರ ಬ್ರೋಕರುಗಳೆಲ್ಲ ಹಾಗೇ ಬದುಕ್ತಿದ್ದಾರೆ ಅನ್ನೋದು ಬೇರೆ ಮಾತು. ಅವರು ಯಾರೂ ಕೋರ್ಟಿಗೆ ಹೋಗಲ್ಲ, ನಿಶ್ಚಿತಾರ್ಥದ ದಿನವೇ ಕವರ್ ತಗೋತಾರೆ.

ಈಗ ನಮ್ಮ ಹುಡುಗನ ಲೆಕ್ಕ ನೋಡಿ. ಅವಳು ಬೇಡ ಅಂದಿದ್ದಕ್ಕೆ ನಾನು ಅರ್ಧ ವಾಪಸ್ ಕೊಟ್ರೆ, ಆ ಅರ್ಧ ದುಡ್ಡು ನಾನು ತಗೊಂಡಿದ್ದು ಅವಳ ಒಪ್ಪಿಗೆಗೆ ಅಂತ ಆಯ್ತು. ಮುಂದಿನ ಸಲ ಆ 3,250 ಉಳಿಸ್ಕೊಳ್ಳೋಕೆ ನಾನು ಏನು ಮಾಡ್ತೀನಿ? ಇನ್ನೂ ಹತ್ತು ಜನರನ್ನ ಕರೀತೀನಿ. ಬಾಗಿಲು ಇನ್ನೂ ಗಟ್ಟಿ ಮುಚ್ತೀನಿ.

ಹಾಗಾಗಿ ಕೊಡಲ್ಲ ಅಂತ ಅವನಿಗೆ ಬರೆದೆ. ಲೈಟು, ಹೂವು, ಫೋಟೋ, ಜಾಗ, ಎಲ್ಲಾದರ ಬಿಲ್ಲು ಒಂದೊಂದಾಗಿ ಕಳಿಸ್ದೆ. ಅವನು ನಮ್ಮ ಪೇಜಿಗೆ ಕೆಟ್ಟ ಕಾಮೆಂಟ್ ಹಾಕಿದ, ಬ್ಲಾಕ್ ಮಾಡಿದ. ಗೆಳತಿಗೂ ನನಗೂ ಎರಡು ವಾರ ಮಾತಿರಲಿಲ್ಲ. ಕೊಟ್ಟು ಸುಮ್ಮನಾಗೋಣ, ಹೆಸರು ಕೆಡುತ್ತೆ ಅನ್ನೋದು ಅವಳ ವಾದ. ಅವಳ ವಾದವೂ ತಪ್ಪಲ್ಲ, ಅದಾದ್ಮೇಲೆ ಒಂದು ತಿಂಗಳು ಒಂದೂ ಎನ್‌ಕ್ವೈರಿ ಬರಲಿಲ್ಲ. ನಮಗೆ ಸಿಕ್ಕ 1,800 ಮಾತ್ರ ನನಗೆ ಮುಟ್ಟೋಕೆ ಆಗಲಿಲ್ಲ. ಆ ಹುಡುಗಿಗೆ ಕ್ಷಮೆ ಕೇಳಿ ಬರೆದೆ, ಅವಳ ಕಡೆಯಿಂದ ಒಂದು ಕೈಮುಗಿಯೋ ಎಮೋಜಿ ಬಂತು. ಅದರ ಅರ್ಥ ಏನಂತ ಇವತ್ತಿಗೂ ಗೊತ್ತಿಲ್ಲ. ದುಡ್ಡು ಒಂದು ಕವರಲ್ಲಿ ನನ್ನ ಕಾಸ್ಟಿಂಗ್ ಪುಸ್ತಕದ ಒಳಗಿದೆ.

ಪೇಜ್ ಮತ್ತೆ ತೆರೀತಾ ಇದ್ದೀವಿ. ಹೊಸ ಬುಕಿಂಗ್ ಫಾರಂ ಇದೆ, ಬಯೋದಲ್ಲಿ ಲಿಂಕು. ರೇಟು ಮೊದಲೇ ಪೂರ್ತಿ ಕೊಡಬೇಕು, ಉತ್ತರ ಏನೇ ಬಂದ್ರೂ ಅಷ್ಟೇ. ಮದುವೆ ಬಗ್ಗೆ ನೀವಿಬ್ಬರೂ ಮೊದಲೇ ಒಂದ್ಸಲನಾದ್ರೂ ಮಾತಾಡಿದ್ದೀರಾ ಅಂತ ಕೇಳ್ತೀವಿ, ಇಲ್ಲ ಅಂದ್ರೆ ಆರ್ಡರ್ ತಗೊಳ್ಳಲ್ಲ. ಜಾಗ, ದಿನ ಸರ್ಪ್ರೈಸ್ ಇರಲಿ, ಪ್ರಶ್ನೆ ಸರ್ಪ್ರೈಸ್ ಆಗೋದು ಬೇಡ. ಕೇಳುವಾಗ ಅಲ್ಲಿ ನೀವಿಬ್ಬರೇ. ಫೋಟೋಗ್ರಾಫರ್ ದೂರ, ಫ್ರೆಂಡ್ಸ್ ಕೆಳಗಿನ ಮಹಡಿ. ವಿಡಿಯೋ ಹಾಕೋಕೆ ಇಬ್ಬರ ಮೆಸೇಜೂ ಬೇಕು, ಅದೂ 24 ಗಂಟೆ ಆದ್ಮೇಲೆ. ಮತ್ತೆ ಕೇಳಿಸ್ಕೊಂಡವರು ಒಬ್ಬರೇ ಮನೆಗೆ ಹೋಗ್ತೀನಿ ಅಂದ್ರೆ ಕೆಳಗೆ ಒಂದು ಆಟೋ ಕಾಯ್ತಿರುತ್ತೆ, ಅದರ ಬಾಡಿಗೆ ನಮ್ಮ ರೇಟಲ್ಲೇ ಸೇರಿದೆ. ಆಟೋ ಸೇರಿಸಿದ್ದಕ್ಕೆ ರೇಟು 6,500ರಿಂದ 6,800 ಆಗಿದೆ.

ಈ ಫಾರಂ ನೋಡಿ ಇಬ್ಬರು ಹುಡುಗರು "ಅಯ್ಯೋ ಇಷ್ಟೆಲ್ಲಾನಾ" ಅಂತ ವಾಪಸ್ ಹೋದ್ರು. ಬಲೂನ್ ಪಂಪು ಇನ್ನೂ ನನ್ನ ಮಂಚದ ಕೆಳಗೇ ಇದೆ.

ನಿನ್ನೆ ರಾತ್ರಿ ಮೂರನೇದು ಬಂತು. ಹುಡುಗಿ, ನರ್ಸಿಂಗ್ ಮುಗಿಸಿ ಕೆಲಸಕ್ಕೆ ಸೇರಿದ್ದಾಳೆ, ತಾನೇ ಕೇಳ್ಬೇಕಂತೆ. ಫಾರಂನ ಎಲ್ಲಾ ಕಾಲಂ ತುಂಬಿದ್ದಾಳೆ. ಕೊನೇಲಿ ಒಂದು ಪ್ರಶ್ನೆ ಬರೆದಿದ್ದಾಳೆ: "ಆಟೋ ಎರಡು ಇರುತ್ತಾ? ಅವನು ಬೇಡ ಅಂದ್ರೆ ನನಗೂ ಒಂದು ಬೇಕಲ್ಲ."

ಶನಿವಾರ ಮೀಟ್ ಆಗ್ತಿದ್ದೀವಿ. ಎರಡನೇ ಆಟೋಗೆ ಎಷ್ಟು ಹಾಕೋದು ಅಂತ ಗೆಳತಿ ಜೊತೆ ಇನ್ನೂ ಚರ್ಚೆ ನಡೀತಾ ಇದೆ.